ಚೀಲ ಹೊರುವವರಿಗೂ ವಾಕಿಂಗ್ ಬೇಕೇ?



ಮೊನ್ನೆ ಮಾರ್ಕೆಟ್ ಯಾರ್ಡ್‌ನಿಂದ ಒಬ್ಬರು ತೋರಿಸಿಕೊಳ್ಳಲು ಬಂದಿದ್ದರು. ಕಲಬುರಗಿ ಕಡೆಯವರು, ವಯಸ್ಸು ಐವತ್ತರ ಆಸುಪಾಸು, ಕಾಳು-ಕಡಿ ವ್ಯಾಪಾರದ ಭುಸಾರ್ ವಿಭಾಗದಲ್ಲಿ ಹಮಾಲಿ ಕೆಲಸ. ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿ ಹದಿನೆಂಟು ದಿನವಾಗಿತ್ತು. "ದಿನಾ ಸ್ವಲ್ಪ ಸ್ವಲ್ಪ ನಡೀರಿ" ಎಂದೆ. ಅವರು ನಕ್ಕುಬಿಟ್ಟರು.

"ಸಾಹೇಬ್ರ, ಇಪ್ಪತ್ತೈದು ವರ್ಷ ಐವತ್ತು ಕಿಲೋದ ಚೀಲ ಹೊತ್ತೀನಿ. ನನಗ ವಾಕಿಂಗ್ ಹೇಳ್ತೀರೇನ್ರಿ? ಚೀಲ ಯಾವಾಗ ಹೊರಬೇಕು, ಅದನ್ನ ಹೇಳ್ರಿ."

ಜೊತೆಗಿದ್ದ ಅವರ ಹೆಂಡತಿಯ ಚಿಂತೆಯೇ ಬೇರೆ. "ಊರಿಂದ ಫೋನ್ ಮಾಡಿದವರೆಲ್ಲ ಮೂರು ತಿಂಗಳ ಮಲಗಿಸೇ ಇಡ್ರಿ, ಅಲ್ಲಾಡಿಸಬ್ಯಾಡ್ರಿ ಅಂತಾರ. ಏನ್ ಮಾಡ್ಲಿರಿ?"

ಒಬ್ಬರಿಗೆ ನಾಳೆಯೇ ಚೀಲ ಹೊರುವ ಅವಸರ, ಇನ್ನೊಬ್ಬರಿಗೆ ಹಾಸಿಗೆ ಬಿಟ್ಟು ಏಳಿಸುವ ಭಯ. ಸರಿಯಾದ ದಾರಿ ಇವೆರಡರ ನಡುವೆ ಇದೆ. ಅದರ ಹೆಸರು ಹೃದಯ ಪುನಶ್ಚೇತನ, ಅಂದರೆ ಕಾರ್ಡಿಯಾಕ್ ರಿಹ್ಯಾಬ್.

*ಮಲಗಿಸಿ ಇಡುವ ಕಾಲ ಹೋಯಿತು*

ಒಂದು ಕಾಲದಲ್ಲಿ ಹಾರ್ಟ್ ಅಟ್ಯಾಕ್ ಆದವರನ್ನು ವಾರಗಟ್ಟಲೆ ಮಲಗಿಸಿಯೇ ಇಡುತ್ತಿದ್ದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿ ಸತ್ತವರೂ ಇದ್ದರು. 1952ರಲ್ಲಿ ಅಮೆರಿಕದ ಬೋಸ್ಟನ್‌ನ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್, ರೋಗಿಗಳನ್ನು ಮೊದಲ ವಾರದಲ್ಲೇ ಕುರ್ಚಿಯಲ್ಲಿ ಕೂರಿಸಿ ನೋಡಿದರು. ಅನಾಹುತವಾಗಲಿಲ್ಲ, ಜನ ಚೇತರಿಸಿಕೊಂಡರು. ಇಂದು ತೊಂದರೆಯಿಲ್ಲದ ಆಂಜಿಯೋಪ್ಲಾಸ್ಟಿ ಆದವರನ್ನು ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ನಡೆಸುತ್ತೇವೆ.

*ಹೊರೆ ಬೇರೆ, ವ್ಯಾಯಾಮ ಬೇರೆ*

1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ ನೌಕರರ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕೂತಿರುತ್ತಿದ್ದ ಡ್ರೈವರ್‌ಗಳಿಗಿಂತ, ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಕಡಿಮೆ ಇತ್ತು.

ಹಾಗಾದರೆ ಹಮಾಲರಿಗೆ ಹೃದಯರೋಗ ಬರಲೇಬಾರದಲ್ಲ? ಬರುತ್ತದೆ. ಕಂಡಕ್ಟರ್ ಹಗುರ ದೇಹದಲ್ಲಿ, ಉಸಿರಾಡುತ್ತಾ ಓಡಾಡುತ್ತಿದ್ದ. ಹಮಾಲ ಚೀಲ ಎತ್ತುವಾಗ ಉಸಿರು ಬಿಗಿಹಿಡಿಯುತ್ತಾನೆ. ಆ ಕ್ಷಣದಲ್ಲಿ ಬಿಪಿ ಏಕಾಏಕಿ ಏರುತ್ತದೆ. ಹೀಗೆ ದಿನಕ್ಕೆ ಎಷ್ಟೋ ಸಲ. ನಡುವೆ ವಿಶ್ರಾಂತಿ ಕಡಿಮೆ, ರಾತ್ರಿ ಲಾರಿ ಬಂದರೆ ನಿದ್ದೆಯೂ ಇಲ್ಲ, ದಣಿವಾದರೆ ತಂಬಾಕು. ಬಿಡುವಿನಲ್ಲಿ ಮಾಡುವ ವ್ಯಾಯಾಮ ಕೊಡುವ ರಕ್ಷಣೆಯನ್ನು ಭಾರದ ದುಡಿಮೆ ಕೊಡುವುದಿಲ್ಲ ಎಂದು ಇತ್ತೀಚಿನ ಅಧ್ಯಯನಗಳೂ ಹೇಳುತ್ತವೆ. ಆದ್ದರಿಂದ ಹಮಾಲಣ್ಣನಿಗೂ ವಾಕಿಂಗ್ ಬೇಕು. ಗಲ್ಲೆಯ ಮೇಲೆ ಕೂರುವ ಸಾವುಕಾರರಿಗಂತೂ ಬೇಕೇ ಬೇಕು.

*ಪುನಶ್ಚೇತನ ಎಂದರೇನು?*

ಸ್ಟೆಂಟ್ ಬ್ಲಾಕ್ ಆದ ಒಂದು ಜಾಗವನ್ನು ತೆರೆಯುತ್ತದೆ, ಅಷ್ಟೆ. ಬ್ಲಾಕ್ ಮಾಡಿದ ಕಾರಣಗಳು ದೇಹದಲ್ಲೇ ಉಳಿದಿರುತ್ತವೆ. ಹಂತಹಂತದ ವ್ಯಾಯಾಮ, ಮಾತ್ರೆ, ಊಟ, ತಂಬಾಕು ಬಿಡುವುದು, ಮನಸ್ಸಿಗೆ ಧೈರ್ಯ – ಇವೆಲ್ಲ ಸೇರಿದ್ದೇ ಪುನಶ್ಚೇತನ. ಇದನ್ನು ಪಾಲಿಸಿದವರಲ್ಲಿ ಮತ್ತೆ ಹೃದಯಾಘಾತವಾಗುವುದು, ಆಸ್ಪತ್ರೆ ಸೇರುವುದು ಕಡಿಮೆ ಎಂದು ಅನೇಕ ಅಧ್ಯಯನಗಳಲ್ಲಿ ಕಂಡಿದೆ.

ಇದಕ್ಕೆ ದೊಡ್ಡ ಜಿಮ್ ಬೇಕಿಲ್ಲ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ, ಹೃದಯಾಘಾತವಾದ ಸುಮಾರು 4,000 ಜನರ ಮೇಲೆ ಯೋಗ ಆಧಾರಿತ ಪುನಶ್ಚೇತನದ ಪ್ರಯೋಗ ನಡೆದು, 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಾವು-ನೋವಿನ ಸಂಖ್ಯೆಯಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ಆದರೆ ಯೋಗ ಮಾಡಿದವರು ಮೊದಲಿನ ಕೆಲಸಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು, ತಮ್ಮ ಆರೋಗ್ಯ ಸುಧಾರಿಸಿದೆ ಎಂದರು. ಅಪಾಯವೂ ಆಗಲಿಲ್ಲ.

*ಮೊದಲ ಆರು ವಾರ – ಸರಳ ಲೆಕ್ಕ*

(ತೊಂದರೆಯಿಲ್ಲದೆ ಆಂಜಿಯೋಪ್ಲಾಸ್ಟಿ ಆದವರಿಗೆ. ನಿಮ್ಮ ವೈದ್ಯರನ್ನು ಕೇಳಿಯೇ ಶುರುಮಾಡಿ.)

1. ಮೊದಲ ವಾರ: ಸಪಾಟು ಜಾಗದಲ್ಲಿ 5ರಿಂದ 10 ನಿಮಿಷ, ದಿನಕ್ಕೆ ಎರಡು ಸಲ.
2. ಪ್ರತಿ ವಾರ ಸುಮಾರು 5 ನಿಮಿಷ ಹೆಚ್ಚಿಸಿ. ಆರನೇ ವಾರಕ್ಕೆ ಒಂದೇ ಸಲ 30 ನಿಮಿಷ, ವಾರಕ್ಕೆ ಐದು ದಿನ. ಒಟ್ಟು 150 ನಿಮಿಷ.
3. ವೇಗಕ್ಕೆ ಒಂದೇ ಅಳತೆ: ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಮಾತೇ ಆಡಲಾಗದಿದ್ದರೆ ನಿಧಾನ ಮಾಡಿ.
4. ಮೊದಲ 5 ನಿಮಿಷ, ಕೊನೆಯ 5 ನಿಮಿಷ ಮೆಲ್ಲಗೆ. ಹೊಟ್ಟೆ ತುಂಬ ಉಂಡ ಕೂಡಲೇ ಬೇಡ.
5. ಲಾರಿಗಳ ಹೊಗೆಯಲ್ಲಿ ಬೇಡ. ಸಂಜೆ ಬಿಬವೇವಾಡಿಯ ಒಳಗಲ್ಲಿಗಳು ಸಾಕು. ಪರ್ವತಿಯ ಮೆಟ್ಟಿಲು ಹತ್ತುವುದನ್ನು ವೈದ್ಯರು ಹೇಳುವವರೆಗೆ ಬಿಡಿ.
6. ಎದೆ ಬಿಗಿತ, ತಲೆಸುತ್ತು, ತಣ್ಣನೆ ಬೆವರು ಬಂದರೆ ಕೂಡಲೇ ನಿಂತು ಕೂತುಕೊಳ್ಳಿ.

ಬೈಪಾಸ್ ಆದವರ ಎದೆಮೂಳೆ ಕೂಡಲು ಎರಡು-ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತುಂಬಿದ ಕೊಡವನ್ನೂ ಎತ್ತಬಾರದು.

ಕೇಳಲು ನಾಚುವ ಪ್ರಶ್ನೆಯೊಂದಿದೆ. ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತುವವರು ಸಾಮಾನ್ಯವಾಗಿ ದಾಂಪತ್ಯ ಜೀವನಕ್ಕೂ ಮರಳಬಹುದು. ಶಕ್ತಿ ಮಾತ್ರೆಗಳನ್ನು ಮಾತ್ರ ಕೇಳದೆ ನುಂಗಬೇಡಿ. ಸಾರ್ಬಿಟ್ರೇಟ್ ಜೊತೆ ಸೇರಿದರೆ ಪ್ರಾಣಾಪಾಯ.

*ಮತ್ತೆ ಚೀಲ ಯಾವಾಗ?*

ದಿನ ಎಣಿಸಿ ಹೇಳುವುದಲ್ಲ, ಪರೀಕ್ಷಿಸಿ ಹೇಳುವುದು. ಎಕೋದಲ್ಲಿ ಹೃದಯದ ಪಂಪಿಂಗ್ ಎಷ್ಟಿದೆ ನೋಡಬೇಕು. ಸಾಮಾನ್ಯವಾಗಿ 55ಕ್ಕಿಂತ ಮೇಲಿರುತ್ತದೆ, 40ಕ್ಕಿಂತ ಕೆಳಗಿದ್ದರೆ ಹೃದಯ ದುರ್ಬಲ. ಆಮೇಲೆ ಟ್ರೆಡ್‌ಮಿಲ್ ಪರೀಕ್ಷೆ. ಎರಡೂ ಚೆನ್ನಾಗಿದ್ದರೆ ಹಗುರ ಕೆಲಸದಿಂದ ಶುರು: ತೂಕ ನೋಡುವುದು, ಚೀಲ ಹೊಲಿಯುವುದು, ಲೆಕ್ಕ ಇಡುವುದು. ಪಂಪಿಂಗ್ ತೀರ ಕಡಿಮೆಯಿದ್ದರೆ ಹೊರೆ ಬಿಡಲೇಬೇಕು. ಹೊಟ್ಟೆಪಾಡಿನ ಮಾತು ನನಗೂ ಗೊತ್ತು. ಅದಕ್ಕೇ ಮುಕಾದಮರಿಗೆ ಕೊಡಲು ಚೀಟಿ ಬರೆದುಕೊಡುತ್ತೇನೆ. ನೀವೂ ನಿಮ್ಮ ವೈದ್ಯರನ್ನು ಕೇಳಿ. ಮಹಾರಾಷ್ಟ್ರದ 1969ರ ಕಾಯ್ದೆಯಡಿ ಮಾಥಾಡಿ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರು, ಏನು ನೆರವು ಸಿಗುತ್ತದೆಂದು ಅಲ್ಲಿ ವಿಚಾರಿಸಿ.

*ಮನೆಯಲ್ಲಿ ನೆನಪಿಡಬೇಕಾದ್ದು*

✅ *ಮಾತ್ರೆ:* ಸ್ಟೆಂಟ್ ಆದಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆ, ಸಾಮಾನ್ಯವಾಗಿ ಒಂದು ವರ್ಷ. ನಡುವೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಜಾತ್ರೆಗೆ, ಮದುವೆಗೆ ಊರಿಗೆ ಹೋಗುವಾಗ ನಾಲ್ಕು ದಿನದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ. ಹಲ್ಲು ಕೀಳಿಸುವಾಗಲೂ ಕೇಳದೆ ನಿಲ್ಲಿಸಬೇಡಿ.

✅ *ತಂಬಾಕು:* ಬೀಡಿ ಬಿಟ್ಟು ಗುಟ್ಕಾ ಹಿಡಿದರೆ ಬಿಟ್ಟ ಹಾಗಲ್ಲ. ತಾಯಂದಿರು ಹಲ್ಲಿಗೆ ತಿಕ್ಕುವ ಮಿಶ್ರಿಯೂ ಸುಟ್ಟ ತಂಬಾಕೇ.

✅ *ಊಟ:* ಜೋಳದ ರೊಟ್ಟಿ, ಪಲ್ಯ, ಬೇಳೆ, ಹಸಿ ತರಕಾರಿ – ನಮ್ಮ ಊಟವೇ ಒಳ್ಳೆಯದು. ಕೆಡಿಸುವುದು ಉಪ್ಪು ಮತ್ತು ಕರಿದ ಎಣ್ಣೆ. ದಿನಕ್ಕೆ ಒಬ್ಬರಿಗೆ ಒಟ್ಟು ಉಪ್ಪು ಒಂದು ಟೀ ಚಮಚ (5 ಗ್ರಾಂ) ಮೀರಬಾರದು. ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ವಡಾಪಾವ್ ಎಲ್ಲದರ ಉಪ್ಪೂ ಇದರಲ್ಲೇ ಸೇರಬೇಕು.

✅ *ಮನಸ್ಸು:* ಗಂಡಸರು ಸುಮ್ಮನಾಗುತ್ತಾರೆ, ಸಿಡುಕುತ್ತಾರೆ, ರಾತ್ರಿ ಎದ್ದು ಕೂರುತ್ತಾರೆ. ಅದು ಹಟವಲ್ಲ, ಭಯ. ಎರಡು ವಾರ ಮೀರಿದರೆ ವೈದ್ಯರಿಗೆ ಹೇಳಿ.

*ಮತ್ತೆ ಎದೆನೋವು ಬಂದರೆ*

ಎದೆ ನಡುವೆ ಭಾರ, ದವಡೆ ಅಥವಾ ತೋಳಿಗೆ ಹರಡುವ ನೋವು, ಬೆವರು, ಉಸಿರಾಟದ ತೊಂದರೆ – "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಕೂರಬೇಡಿ. 108ಕ್ಕೆ ಫೋನ್ ಮಾಡಿ. ಈ ಸಂಖ್ಯೆ ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ನಡೆಯುತ್ತದೆ. ರೋಗಿಯನ್ನು ಬೈಕ್ ಮೇಲೆ ಕೂರಿಸಿ ಒಯ್ಯಬೇಡಿ.

ಊರಲ್ಲಿರುವ ಅಪ್ಪ-ಅಮ್ಮನಿಗೂ ಹೇಳಿ: ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಕರ್ನಾಟಕದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನೋವು ಶುರುವಾದಮೇಲೆ ಎಷ್ಟು ಬೇಗ ಕೊಟ್ಟರೆ ಅಷ್ಟು ಹೃದಯ ಉಳಿಯುತ್ತದೆ.

ನಮ್ಮ ಹಮಾಲಣ್ಣ ಕೊನೆಗೆ ಒಪ್ಪಿದರು. ಆದರೆ ಒಂದು ತಕರಾರು: "ಸುಮ್ಮ ಸುಮ್ಮನೆ ನಡದರ ಮಂದಿ ನಗ್ತಾರ್ರಿ." ಹೆಂಡತಿ ಅಲ್ಲೇ ಉತ್ತರ ಕೊಟ್ಟರು: "ನಾನೂ ಬರ್ತೀನಿ ನಡೀರಿ. ನಕ್ಕರ ಇಬ್ಬರಿಗೂ ನಗ್ಲಿ." ಆಕೆಗೂ ಬಿಪಿ ಇದೆ. ಇಬ್ಬರಿಗೂ ಇದೇ ಔಷಧ.

ನಿಮ್ಮ ಮನೆಯಲ್ಲಿ, ಗಲ್ಲಿಯಲ್ಲಿ ಸ್ಟೆಂಟ್ ಅಥವಾ ಬೈಪಾಸ್ ಆದವರಿದ್ದರೆ ಇದನ್ನು ಓದಿ ಹೇಳಿ. ಓದಲು ಬಾರದವರಿಗೆ ವಾಯ್ಸ್ ಮೆಸೇಜ್ ಮಾಡಿ ಕಳಿಸಿ. 🙏