ಕೆಚಪ್ ಕೇಳಬೇಡಿ!

ಹ್ಯಾಂಬರ್ಗರ್ ಅಂದರೇನು ಎಂದು ಅಜ್ಜ ಕೇಳಿದರೆ ಮೊಮ್ಮಗಳ ಉತ್ತರ ಸಿದ್ಧ: ದುಂಡನೆಯ ಬನ್ನು, ಮೇಲೆ ಎಳ್ಳು, ನಡುವೆ ಪ್ಯಾಟಿ, ಒಳಗೆಲ್ಲ ಸಾಸು. ಅಮೆರಿಕದ ನ್ಯೂ ಹೇವನ್ ಊರಿನ ಒಂದು ಪುಟ್ಟ ಹೋಟೆಲಿನಲ್ಲಿ ಈ ಉತ್ತರಕ್ಕೆ ಸಿಗುವುದು ಸೊನ್ನೆ ಅಂಕ! ಅಲ್ಲಿನ ಹ್ಯಾಂಬರ್ಗರಿಗೆ ಬನ್ನೂ ಇಲ್ಲ, ಎಳ್ಳೂ ಇಲ್ಲ, ಸಾಸಂತೂ ಇಲ್ಲವೇ ಇಲ್ಲ. ಆದರೂ ಅದರ ರುಚಿ ನೋಡಲು ಜನ ದೂರದೂರದಿಂದ ಬರುತ್ತಾರೆ.

ಹೋಟೆಲಿನ ಹೆಸರು ಲೂಯೀಸ್ ಲಂಚ್. ಲೂಯಿ ಲ್ಯಾಸೆನ್ ಎಂಬಾತ 1895ರಲ್ಲಿ ಊಟದ ಗಾಡಿ ಇಟ್ಟು ಇದನ್ನು ಶುರು ಮಾಡಿದ. ಮನೆಯವರು ಹೇಳುವ ಕಥೆ ಹೀಗಿದೆ: 1900ರಲ್ಲಿ ಒಬ್ಬ ಗಿರಾಕಿ ಅವಸರದಲ್ಲಿ ಬಂದು, ನಡೆಯುತ್ತಲೇ ತಿನ್ನುವಂಥದ್ದು ಏನಾದರೂ ಕೊಡು ಎಂದ. ಲೂಯಿ ಮಾಂಸದ ಉಳಿಕೆ ಚೂರುಗಳನ್ನು ಅರೆದು, ಬೇಯಿಸಿ, ಎರಡು ಬ್ರೆಡ್ಡಿನ ನಡುವೆ ಇಟ್ಟುಕೊಟ್ಟ. ಚೂರನ್ನೂ ಬಿಸಾಡದ ಕೈ! ನಮ್ಮ ಅಜ್ಜಿಯರಿಗೆ ಈ ಲೂಯಿ ಮೆಚ್ಚುಗೆಯಾಗದೆ ಇರಲಾರ.

ಇಂದಿಗೂ ಅದೇ ಮನೆತನದವರು ಅದೇ ರೀತಿ ಮಾಡುತ್ತಾರೆ. ಒಲೆ ನೋಡಿದರೆ ಮಕ್ಕಳು ಇದು ಬೀರುವೋ ಒಲೆಯೋ ಎಂದು ಕೇಳಿಯಾರು. 1898ರ ಕಾಲದ ಎರಕದ ಕಬ್ಬಿಣದ್ದು, ನೆಟ್ಟಗೆ ನಿಂತಿರುತ್ತದೆ. ಮಾಂಸದ ಬಿಲ್ಲೆಯನ್ನು ತಂತಿಯ ಚೌಕಟ್ಟಿನಲ್ಲಿ ಸಿಕ್ಕಿಸಿ ನಿಲ್ಲಿಸಿ ಒಳಗೆ ಬಿಡುತ್ತಾರೆ. ಎರಡೂ ಬದಿ ಒಟ್ಟಿಗೇ ಬೇಯುತ್ತದೆ, ಮಗುಚುವ ಕೆಲಸವಿಲ್ಲ. ಕೊಬ್ಬು ಕೆಳಕ್ಕೆ ಸೋರಿಹೋಗುತ್ತದೆ. ಬೆಂದದ್ದನ್ನು ಸುಟ್ಟ ಬಿಳಿ ಬ್ರೆಡ್ಡಿನ ನಡುವೆ ಇಡುತ್ತಾರೆ. ಬೇಕಾದರೆ ಚೀಸ್, ಟೊಮೆಟೊ, ಈರುಳ್ಳಿ. ಅಷ್ಟೇ. ಕೆಚಪ್, ಸಾಸಿವೆ ಸಾಸು, ಮೇಯನೇಸ್ ಕೇಳಿದರೆ ಇಲ್ಲ ಎಂಬ ಉತ್ತರ ಖಚಿತ.

ಇದು ಜಂಬ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ದಿನದಿನವೂ ಹೊಸದಾಗಿ ಅರೆದ ಮಾಂಸ ಬಳಸುವವರಿಗೆ ಅದರ ರುಚಿಯನ್ನು ಸಾಸಿನಡಿ ಮುಚ್ಚಲು ಮನಸ್ಸು ಬಾರದಿದ್ದರೆ ತಪ್ಪೇನು? ಚೆನ್ನಾಗಿ ಕಾಯಿಸಿದ ತುಪ್ಪದ ಮೇಲೆ ಯಾರಾದರೂ ಸಾಸು ಸುರಿದರೆ ನಾವು ಸುಮ್ಮನಿರುತ್ತೇವೆಯೇ!

ಅಂದ ಹಾಗೆ ಮಕ್ಕಳೇ, 'ಹ್ಯಾಮ್' ಎಂದರೆ ಹಂದಿಮಾಂಸ. ಆದರೆ ಹ್ಯಾಂಬರ್ಗರಿನಲ್ಲಿ ಅದಿಲ್ಲ. ಹೆಸರು ಬಂದದ್ದು ಜರ್ಮನಿಯ ಬಂದರು ನಗರ ಹ್ಯಾಂಬರ್ಗ್‌ನಿಂದ, ನಮ್ಮ ಮೈಸೂರುಪಾಕಿಗೆ ಮೈಸೂರಿನಿಂದ ಬಂದಂತೆ. ಜನ ಆಮೇಲೆ 'ಹ್ಯಾಮ್' ಕತ್ತರಿಸಿ ಬರೀ ಬರ್ಗರ್ ಮಾಡಿಕೊಂಡರು, 'ಸೂರುಪಾಕು' ಅಂದಂತಾಯಿತು! ಮೂಲ ಹ್ಯಾಂಬರ್ಗರ್ ದನದ ಮಾಂಸದ್ದು. ನಮ್ಮಲ್ಲಿ ಅನೇಕ ಮನೆಗಳಲ್ಲಿ ಅದು ಸಲ್ಲದು. 1996ರಲ್ಲಿ ಮೆಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದಾಗ ದನ, ಹಂದಿ ಎರಡನ್ನೂ ಬಿಟ್ಟೇ ಅಂಗಡಿ ತೆರೆಯಬೇಕಾಯಿತು. ನಿಮ್ಮ ಆಲೂಗಡ್ಡೆ ಬರ್ಗರಿಗೆ ದಾರಿಯಾದದ್ದು ಹಾಗೆ.

ಮೊದಲ ಹ್ಯಾಂಬರ್ಗರ್ ಲೂಯಿಯದೇ ಎಂದು ಎಲ್ಲರೂ ಒಪ್ಪುವುದಿಲ್ಲ. ವಿಸ್ಕಾನ್ಸಿನ್ ರಾಜ್ಯದ ಸೀಮೋರ್ ಊರಿನವರು, 1885ರ ಜಾತ್ರೆಯಲ್ಲಿ ಚಾರ್ಲಿ ನಾಗ್ರೀನ್ ಎಂಬ 15 ವರ್ಷದ ಹುಡುಗ ಮಾಂಸದ ಉಂಡೆಯನ್ನು ಚಪ್ಪಟೆ ಮಾಡಿ ಬ್ರೆಡ್ಡಿನಲ್ಲಿಟ್ಟು ಮಾರಿದ ಎನ್ನುತ್ತಾರೆ. ಟೆಕ್ಸಸ್‌ನವರೂ ಜಗಳಕ್ಕೆ ತಯಾರು.

ಆದರೆ ಲೂಯೀಸ್ ಲಂಚ್‌ಗೆ ನಿಜವಾದ ಆಪತ್ತು ಬಂದದ್ದು ಈ ಜಗಳದಿಂದಲ್ಲ. ಊರು ಬೆಳೆಯಿತು, ಹೊಸ ಕಟ್ಟಡಕ್ಕೆ ಜಾಗ ಬೇಕಾಯಿತು, ಪುಟ್ಟ ಇಟ್ಟಿಗೆ ಹೋಟೆಲನ್ನು ಕೆಡವಬೇಕೆಂದಾಯಿತು. ಮನೆಯವರು ಬಿಟ್ಟುಕೊಡಲಿಲ್ಲ. 1975ರಲ್ಲಿ ಕಟ್ಟಡವನ್ನೇ ಎತ್ತಿ ವಾಹನದ ಮೇಲಿಟ್ಟು ಕ್ರೌನ್ ಸ್ಟ್ರೀಟಿಗೆ ಸಾಗಿಸಿದರು. ಹೊಸ ಜಾಗದಲ್ಲಿ ಗೋಡೆ ಕಟ್ಟಲು ಇಟ್ಟಿಗೆ ಬೇಕಿತ್ತು. ಹಿಂದೆ ಅಲ್ಲಿ ತಿಂದುಹೋಗಿದ್ದ ಗಿರಾಕಿಗಳು ಬೇರೆ ಬೇರೆ ದೇಶಗಳಿಂದ ಇಟ್ಟಿಗೆ ಕಳಿಸಿಕೊಟ್ಟರು. ಅವೆಲ್ಲ ಈಗಲೂ ಆ ಗೋಡೆಯಲ್ಲಿವೆ.