ಕರ್ನೆಲ್ಲಿನ ಆಗಂತುಕ ಘಟನೆಗಳೂ ಅನುಪಲಬ್ಧಿವಿಚಾರವೂ

ಗಣಕಯಂತ್ರದ ಸಮಸ್ತ ವ್ಯಾಪಾರಗಳಿಗೂ ಆಧಾರಭೂತವಾದ ಕ್ರಮವಿಧಿಗೆ ಕರ್ನೆಲ್ ಎಂದು ಹೆಸರು. ಕಡತವನ್ನು ತೆರೆಯುವುದು, ಮೆಮೊರಿಯನ್ನು ಹಂಚುವುದು, ಹಲವು ಕಾರ್ಯಗಳಿಗೆ ಪ್ರೊಸೆಸರನ್ನು ಸರದಿಯಿಂದ ಒದಗಿಸುವುದು, ಇವೆಲ್ಲವೂ ಅದರ ಮುಖಾಂತರವೇ ಆಗತಕ್ಕವು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬವರು ಆರಂಭಿಸಿದ ಲಿನಕ್ಸ್ ಕರ್ನೆಲ್ಲಿನ ಮೂಲಪಾಠವು ಯಾರಿಗೆ ಬೇಕಾದರೂ ಓದಲು ದೊರೆಯುವುದು. ಆದರೆ ಪಾಠವನ್ನು ಓದುವುದು ಬೇರೆ. ಅದು ನಡೆಯುತ್ತಿರುವಾಗ ಅದರ ನಡೆಯನ್ನು ಕಾಣುವುದು ಬೇರೆ. ಕರ್ನೆಲ್ಲನ್ನು ನಿಲ್ಲಿಸಿ ಪರೀಕ್ಷಿಸೋಣವೆಂದರೆ ಯಂತ್ರವೇ ನಿಲ್ಲುವುದು. ನಿಲ್ಲಿಸದೆಯೇ ಒಳಗಿನ ವೃತ್ತಾಂತವನ್ನು ಬರೆದಿಟ್ಟುಕೊಳ್ಳುವ ಉಪಾಯಕ್ಕೆ ಟ್ರೇಸಿಂಗ್ ಎಂದೂ, ಹಾಗೆ ಬರೆಯಲ್ಪಡುವ ಒಂದೊಂದು ಸಂಗತಿಗೆ ಟ್ರೇಸ್ ಈವೆಂಟ್, ಅಂದರೆ ಘಟನೆ, ಎಂದೂ ವ್ಯವಹಾರ.

ಈ ಘಟನೆಗಳು ನಿಯತ, ಆಗಂತುಕ ಎಂದು ಎರಡು ಬಗೆ. ಮೂಲಪಾಠವನ್ನು ರಚಿಸಿದವರೇ ಯೋಗ್ಯವೆಂದು ಕಂಡ ಸ್ಥಳಗಳಲ್ಲಿ ಮೊದಲೇ ನೆಟ್ಟಿರುವ ಗುರುತುಗಳಿಂದ ಹುಟ್ಟುವವು ನಿಯತ ಘಟನೆಗಳು. ಪರೀಕ್ಷಕನು ತನಗೆ ಬೇಕಾದಾಗ, ಬೇಕಾದ ಸ್ಥಳದಲ್ಲಿ, ನಡೆಯುತ್ತಿರುವ ಕರ್ನೆಲ್ಲಿನಲ್ಲಿಯೇ ಹುಟ್ಟಿಸಿ, ಕೆಲಸ ತೀರಿದ ಮೇಲೆ ತೆಗೆದುಹಾಕುವವು ಆಗಂತುಕ ಘಟನೆಗಳು. ಮೊದಲನೆಯದು ಗ್ರಂಥಕಾರನೇ ಬರೆದ ಸ್ವೋಪಜ್ಞ ವ್ಯಾಖ್ಯಾನದಂತೆ. ಎರಡನೆಯದು ಓದುಗನು ಓಲೆಯ ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಯಂತೆ.

ಆಗಂತುಕ ಘಟನೆಗಳಿಗೆ ಆಧಾರವಾದ ಕೆಪ್ರೋಬ್ ಎಂಬ ಸಾಧನವು 2004ರಲ್ಲಿ, 2.6.9ನೆಯ ಆವೃತ್ತಿಯಲ್ಲಿ, ಲಿನಕ್ಸಿಗೆ ಸೇರಿತು. ಐಬಿಎಂ ಸಂಸ್ಥೆಯ ಭಾರತೀಯ ಶಾಖೆಯ ಎಂಜಿನಿಯರುಗಳು ಅದರ ಆದಿಮ ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದ್ದರು. ಆಗ ಅದನ್ನು ಬಳಸಲು ಒಂದು ಚಿಕ್ಕ ಕ್ರಮವಿಧಿಯನ್ನೇ ಬರೆದು ಕರ್ನೆಲ್ಲಿಗೆ ಸೇರಿಸಬೇಕಾಗಿತ್ತು. ಮಸಾಮಿ ಹಿರಮತ್ಸು ಎಂಬ ಜಪಾನೀ ವಿದ್ವಾಂಸರ ಪ್ರಯತ್ನದಿಂದ 2010ರ 2.6.33ನೆಯ ಆವೃತ್ತಿಯಲ್ಲಿ ಒಂದೇ ಸಾಲಿನ ಬರಹದಿಂದ ಘಟನೆಯನ್ನು ಹುಟ್ಟಿಸುವುದು ಸಾಧ್ಯವಾಯಿತು.

ಇದರ ಪ್ರಕ್ರಿಯೆಯು ವೈಯಾಕರಣರಿಗೆ ಅಪರಿಚಿತವಲ್ಲ. ಕರ್ನೆಲ್ಲಿನಲ್ಲಿ ಪರೀಕ್ಷಿಸಬೇಕಾದ ಸ್ಥಳದ ಸೂಚನೆಯನ್ನು ತೆಗೆದು, ಸಾಮಾನ್ಯವಾಗಿ ಅದರ ಸ್ಥಾನದಲ್ಲಿ ಒಂದು ತಡೆಸೂಚನೆಯನ್ನು ಇಡುವರು. ಪ್ರೊಸೆಸರು ಅಲ್ಲಿಗೆ ಬಂದೊಡನೆ ತಡೆಯಲ್ಪಟ್ಟು, ಘಟನೆಯು ದಾಖಲೆಯಾಗುವುದು. ಆಮೇಲೆ ಬೇರೆಡೆ ಕಾದಿರಿಸಿದ ಮೂಲಸೂಚನೆಯ ಪ್ರತಿಯು ನಡೆದು, ಕಾರ್ಯವು ಮೊದಲಿನಂತೆಯೇ ಮುಂದುವರಿಯುವುದು. ಆಗಮವು ಮಿತ್ರನಂತೆ ಪಕ್ಕದಲ್ಲಿ ಬಂದು ನಿಲ್ಲುವುದು, ಆದೇಶವು ಶತ್ರುವಿನಂತೆ ಸ್ಥಾನಿಯನ್ನು ತೊಲಗಿಸಿ ಕೂಡುವುದು ಎಂಬುದು ಶಾಸ್ತ್ರಪ್ರಸಿದ್ಧ. ಇಲ್ಲಿ ನಡೆಯುವುದು ರೂಪದಲ್ಲಿ ಆದೇಶ, ಫಲದಲ್ಲಿ ಆಗಮ. ಪಾಣಿನೀಯದಲ್ಲಿ ಆದೇಶಕ್ಕೆ ಸ್ಥಾನಿವದ್ಭಾವವನ್ನು ಅತಿದೇಶದಿಂದ ಹೇಳಬೇಕಾಯಿತು. ಇಲ್ಲಿಯಾದರೋ ಸ್ಥಾನಿಯೇ ಬೇರೆಡೆ ಉಳಿದು ತನ್ನ ಕಾರ್ಯವನ್ನು ತಾನೇ ಮಾಡುವುದು. ತಡೆಯನ್ನು ನಿರ್ವಹಿಸುವ ಭಾಗಗಳಲ್ಲಿಯೇ ತಡೆಯನ್ನಿಟ್ಟರೆ ಅನವಸ್ಥೆಯುಂಟಾಗುವುದರಿಂದ, ಅಂಥ ಸ್ಥಳಗಳನ್ನು ಕರ್ನೆಲ್ಲು ನಿಷಿದ್ಧಪಟ್ಟಿಯಲ್ಲಿ ಸೇರಿಸಿರುವುದು.

ಇನ್ನು ವ್ಯವಸ್ಥೆಯ ವಿಚಾರ. ಟ್ರೇಸ್‌ಎಫ್‌ಎಸ್ ಎಂಬ ಕೋಶದಲ್ಲಿ ಕೆಲವು ಕಡತಗಳಿರುವುವು. ಅವಕ್ಕೆ ಯಂತ್ರದ ಪ್ರಧಾನಾಧಿಕಾರಿಗೆ ಮಾತ್ರ ಸಾಮಾನ್ಯವಾಗಿ ಪ್ರವೇಶ. ಕೆಪ್ರೋಬ್ ಘಟನೆಗಳಿಗೆ ಒಂದು ಕಡತ, ಬಳಕೆದಾರರ ಕ್ರಮವಿಧಿಗಳಲ್ಲಿ ನೆಡುವ ಯುಪ್ರೋಬ್ ಘಟನೆಗಳಿಗೆ ಮತ್ತೊಂದು. 2019ರ 5.0ನೆಯ ಆವೃತ್ತಿಯಿಂದ ಈಚೆಗೆ ಇವೆಲ್ಲಕ್ಕೂ ಡೈನಮಿಕ್ ಈವೆಂಟ್ಸ್ ಎಂಬ ಒಂದೇ ಸಮಾನಪಟ್ಟಿಯೂ ಉಂಟು. ಈ ಪಟ್ಟಿಯ ಸಾಲಿನಲ್ಲಿ ಮೊದಲು ಒಂದು ಸಂಜ್ಞಾಕ್ಷರ: 'ಪಿ' ಎಂದರೆ ಕೆಪ್ರೋಬಿನಲ್ಲಿ ಸೂಚನೆಯ ಸ್ಥಳ, 'ಆರ್' ಎಂದರೆ ಫಂಕ್ಷನ್ನಿನ ನಿರ್ಗಮ. ಬಳಿಕ ಗಣದ ಹೆಸರು, ಘಟನೆಯ ಹೆಸರು, ಸ್ಥಳ, ದಾಖಲಿಸಬೇಕಾದ ಮೌಲ್ಯಗಳು. ಹುಟ್ಟಿದ ಘಟನೆಯು ಕೂಡಲೆ ಕೆಲಸಕ್ಕೆ ತೊಡಗದು. ಅದನ್ನು ಬೇರೆಯಾಗಿ ಜಾಗೃತಗೊಳಿಸಬೇಕು. ತೆಗೆಯುವಾಗ ಮೊದಲು ಸುಪ್ತಗೊಳಿಸಿ, ಆಮೇಲೆ ಋಣಚಿಹ್ನೆಯೊಡನೆ ಅದರ ಹೆಸರನ್ನು ಬರೆಯಬೇಕು. ಬಳಕೆಯಲ್ಲಿರುವ ಘಟನೆಯನ್ನು ಅಳಿಸಲು ಕರ್ನೆಲ್ಲು ಒಪ್ಪದು.

ಇಲ್ಲಿ ಮರೆಯಬಾರದ ಸೂಕ್ಷ್ಮವೊಂದುಂಟು. ಪಟ್ಟಿಯ ಕೊನೆಗೆ ಹೊಸ ಸಾಲನ್ನು ಸೇರಿಸುವುದು ಒಂದು ಬಗೆ. ಪಟ್ಟಿಯನ್ನು ಬರಿದುಮಾಡಿ ಬರೆಯುವುದು ಇನ್ನೊಂದು ಬಗೆ. ಎರಡನೆಯ ಬಗೆಯಲ್ಲಿ ಬರೆದರೆ, ಯಾವೊಂದು ಘಟನೆಯೂ ಬಳಕೆಯಲ್ಲಿರದ ಪಕ್ಷದಲ್ಲಿ, ಹಿಂದಿನವೆಲ್ಲವೂ ಅಳಿದುಹೋಗುವುವು. ಸಮಾನಪಟ್ಟಿಯು ಎಲ್ಲರದೂ ಆದುದರಿಂದ ಒಬ್ಬನ ಅನವಧಾನದಿಂದ ಇನ್ನೊಬ್ಬನ ಸಿದ್ಧತೆ ನಷ್ಟವಾದೀತು. ಆದಕಾರಣ ತನ್ನ ಘಟನೆಗಳಿಗೆ ತನ್ನದೇ ಗಣನಾಮವನ್ನಿಟ್ಟು, ತಾನು ಹುಟ್ಟಿಸಿದವನ್ನು ಮಾತ್ರ ಹೆಸರು ಹಿಡಿದು ತೆಗೆಯುವುದು ಯುಕ್ತ.

ಹೀಗೆ ಘಟನೆಯನ್ನು ನೆಟ್ಟು ಕಾದರೂ ದಾಖಲೆಯಲ್ಲಿ ಏನೂ ಕಾಣಲಿಲ್ಲವೆನ್ನೋಣ. ಅದರಿಂದ ಆ ಕಾರ್ಯವೇ ನಡೆಯಲಿಲ್ಲವೆಂದು ನಿರ್ಣಯಿಸಬಹುದೇ? ಕೂಡದೆಂದೇ ಉತ್ತರ. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದರೂ, ಕಾಣಲು ಯೋಗ್ಯವಾದುದು ಕಾಣದಿದ್ದರೆ ಮಾತ್ರ ಅದರ ಅಭಾವವು ಸಿದ್ಧವಾಗುವುದೆಂದರು. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆಂದು ಸಿದ್ಧವಾಗದು.

ಇದಕ್ಕೆ ದೃಷ್ಟಾಂತ: ಕಡತ ತೆರೆಯುವುದನ್ನು ಕಾಣಲು ಬಹುಕಾಲ 'ಡೂ ಸಿಸ್ ಓಪನ್' ಎಂಬ ಫಂಕ್ಷನ್ನನ್ನು ಉದಾಹರಿಸುತ್ತಿದ್ದರು. 2020ರ 5.6ನೆಯ ಆವೃತ್ತಿಯಲ್ಲಿ ಅದರ ಮುಖ್ಯಕಾರ್ಯವು 'ಡೂ ಸಿಸ್ ಓಪನ್‌ಯಾಟ್ ಟೂ' ಎಂಬುದಕ್ಕೆ ಹೋಯಿತು. ಹಳೆಯ ಹೆಸರು ಉಳಿಯಿತಾದರೂ, ಕಂಪೈಲರು ಅದರ ಪಾಠವನ್ನು ಕರೆಯುವಲ್ಲಿಯೇ ಅಡಕಮಾಡಿದ ಯಂತ್ರಗಳಲ್ಲಿ ಅಲ್ಲಿ ನೆಟ್ಟ ಘಟನೆಯು ಮೂಕವಾಯಿತು. ದೋಷವಾಕ್ಯವಿಲ್ಲ, ದಾಖಲೆಯೂ ಇಲ್ಲ. ಕಡತಗಳು ಮಾತ್ರ ತೆರೆಯುತ್ತಲೇ ಇದ್ದುವು. ಕರ್ನೆಲ್ಲು ಹೊರಗಿನ ಕ್ರಮವಿಧಿಗಳೊಡನೆ ಮಾಡಿಕೊಂಡ ಕಟ್ಟಳೆಯನ್ನು ಕಾಪಾಡುವುದೇ ಹೊರತು, ಒಳಗಿನ ಫಂಕ್ಷನ್ನುಗಳ ಹೆಸರಿಗೆ ಅಂಥ ಅಭಯವಿಲ್ಲ. ಒಂದು ಪ್ರತಿಯ ಓಲೆಯ ಎಣಿಕೆಯನ್ನು ಮತ್ತೊಂದು ಪಾಠದ ಪ್ರತಿಗೆ ಅನ್ವಯಿಸಿದಂತೆಯೇ ಇದು.

ಆದುದರಿಂದ ಮೌನಕ್ಕೆ ಅರ್ಥ ಹೇಳುವ ಮೊದಲು ನಾಲ್ಕನ್ನು ಪರೀಕ್ಷಿಸಬೇಕು. ಘಟನೆಯು ಜಾಗೃತವಾಗಿದೆಯೇ, ಶೋಧಕನಿಯಮವೇನಾದರೂ ಅದನ್ನು ತಳ್ಳಿಹಾಕುತ್ತಿದೆಯೇ, ಕೆಪ್ರೋಬ್ ಪ್ರೊಫೈಲ್ ಎಂಬ ಕಡತದಲ್ಲಿ ತಗುಲಿದ ಮತ್ತು ತಪ್ಪಿದ ಸಂಖ್ಯೆಗಳು ಎಷ್ಟು, ದಾಖಲೆಯ ಚಕ್ರಾಕಾರದ ಬಫರು ತುಂಬಿ, ಹಳೆಯ ಬರಹದ ಮೇಲೆ ಹೊಸತು ಬಿದ್ದಿದೆಯೇ. ಇವು ಶುದ್ಧವಾಗಿದ್ದು, ತಿಳಿದ ಕಾರ್ಯವೊಂದನ್ನು ತಾನೇ ಮಾಡಿ ಅದು ದಾಖಲೆಯಾಗುವುದನ್ನು ಕಂಡ ಮೇಲೆಯೇ ಮೌನವು ಯೋಗ್ಯಾನುಪಲಬ್ಧಿಯ ಪದವಿಗೆ ಬರುವುದು. ಅಲ್ಲಿಯವರೆಗೆ ಅದು ಸಂದೇಹಕ್ಕೆ ಕಾರಣವೇ ಹೊರತು ನಿರ್ಣಯಕ್ಕಲ್ಲ. ಯಂತ್ರಶಾಸ್ತ್ರಜ್ಞನಿಗೂ ಗ್ರಂಥಸಂಶೋಧಕನಿಗೂ ಈ ನಿಯಮವು ಸಮಾನ.