ಎರಿ ನೆಲದಾಗ ಜಾಕ್ ನಿಲ್ಲೂದಿಲ್ಲ

ಡಂಬಳ ದಾಟಿ ಮುಂಡರಗಿ ಕಡೆ ಹೊರಟರೆ ಬಲಕ್ಕೆ ಕಪ್ಪತಗುಡ್ಡದ ಸಾಲು, ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು. ಎಡಕ್ಕೆ ಕಣ್ಣು ಹರಿಯುವಷ್ಟು ದೂರ ಎರೆ ಹೊಲ. ಮಳೆ ಬಂದು ಹೋದ ಸಂಜೆ. ಗದಗ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಹೇರಿಕೊಂಡು, ಕೊರ್ಲಹಳ್ಳಿ ಸೇತುವೆ ದಾಟಿ ಹಡಗಲಿ, ಹರಪನಹಳ್ಳಿ ಮೇಲೆ ಬೆಂಗಳೂರಿಗೆ ಹೋಗಬೇಕಾದ ಲಾರಿಯೊಂದು ರಸ್ತೆಯ ಅಂಚಿಗೆ ನಿಂತಿದೆ. ಎಡಗಡೆಯ ಹಿಂದಿನ ಜೋಡು ಗಾಲಿಯಲ್ಲಿ ಒಳಗಿನದು ಪಂಚರ್. ಲಾರಿಯ ಹಿಂದೆ ಒಂದಷ್ಟು ದೂರದವರೆಗೆ ಸಾಲಾಗಿ ಕಲ್ಲು ಇಟ್ಟಿದ್ದಾರೆ. ಕಲ್ಲಿನ ಸಂದಿಗೆ ಬೇವಿನ ಟೊಂಗೆ ಸಿಗಿಸಿದ್ದಾರೆ.

ಕ್ಲೀನರ್ ಹುಡುಗ ಟಾಮಿ ಎನ್ನುವ ಕಬ್ಬಿಣದ ಸರಳಿನಿಂದ ಟೈರುಗಳನ್ನು ಒಂದೊಂದಾಗಿ ಬಡಿಯುತ್ತಾನೆ. ಗಾಳಿ ತುಂಬಿದ ಟೈರಿಗೆ ಬಡಿದರೆ ಟಾಮಿ ಪುಟಿದು ಮೇಲೇಳುತ್ತದೆ. ಗಾಳಿ ಹೋದದ್ದಕ್ಕೆ ಬಡಿದರೆ ಧಪ್ಪೆಂದು ಅಲ್ಲೇ ಕೂರುತ್ತದೆ. ಹೊರಗಿನ ಗಾಲಿಯ ಮರೆಯಲ್ಲಿರುವ ಒಳಗಾಲಿಯ ಸ್ಥಿತಿ ಕಣ್ಣಿಗಿಂತ ಮೊದಲು ಕಿವಿಗೇ ತಿಳಿಯುತ್ತದೆ.

“ಮಾಮಾ, ಹೊರಗಿಂದು ಗಟ್ಟಿ ಐತಿ. ಒಳಗಿಂದು ಪೂರಾ ಕೂತೇತಿ.”

“ಜಾಕ್ ಹಚ್ಚಬ್ಯಾಡ ಇನ್ನಾ. ಮದ್ಲ ನಟ್ ಸಡ್ಲ ಮಾಡು. ಗಾಲಿ ನೆಲಕ್ಕ ಊರಿದ್ದಾಗನ ಬಿಗಿ ಬಿಡ್ತಾವು.”

ಚಾಲಕರು ಐವತ್ತು ದಾಟಿದವರು. ಕ್ಯಾಬಿನ್ನಿನಿಂದ ಅವರು ಇಳಿಸಿದ ತಗಡಿನ ಪೆಟ್ಟಿಗೆಯ ಮುಚ್ಚಳಕ್ಕೆ ಖಂಡೇ ಪೂಜೆಯ ವಿಭೂತಿ ಇನ್ನೂ ಅಂಟಿದೆ. ಒಳಗೆ ಬೇರೆ ಬೇರೆ ನಂಬರಿನ ಪಾನಾ, ಪಕ್ಕಡ, ಸುತ್ತಿಗೆ, ಚಾಣ, ಗ್ರೀಸ್ ಡಬ್ಬಿ, ಒಂದು ಫ್ಯಾನ್ ಬೆಲ್ಟ್, ಡೀಸೆಲ್ ಫಿಲ್ಟರ್, ಬಲ್ಬು, ಫ್ಯೂಸು, ತಂತಿ. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿದ ರಬ್ಬರ್ ಪಟ್ಟಿಗಳ ಉಂಡೆಯೊಂದಿದೆ. ಪೈಪು ಸೋರಿದರೂ ಸರಿ, ಬಂಪರ್ ಜೋತುಬಿದ್ದರೂ ಸರಿ, ಮೊದಲು ಕೈಗೆ ಬರುವುದು ಅದೇ. ಮೂಲೆಯಲ್ಲಿ ಅರ್ಧ ಸವೆದ ಮೈ ತೊಳೆಯುವ ಸಾಬೂನು. ಡೀಸೆಲ್ ಟ್ಯಾಂಕ್ ಬಿರುಕು ಬಿಟ್ಟು ಹನಿಯುವಾಗ ಅದನ್ನು ಬಿರುಕಿಗೆ ಒತ್ತಿ ತಿಕ್ಕಿದರೆ ಗ್ಯಾರೇಜ್ ಮುಟ್ಟುವವರೆಗೆ ಸೋರಿಕೆ ತಡೆಯುತ್ತದೆ. ಇವೆಲ್ಲದರ ಜೊತೆಗೆ ಒಂದು ದಪ್ಪ ಜಾಲಿ ಹಲಗೆಯೂ ಇದೆ.

ಹುಡುಗ ವೀಲ್ ಪಾನಾಕ್ಕೆ ಉದ್ದನೆಯ ಪೈಪು ಸಿಗಿಸಿ ಅದರ ತುದಿಗೆ ಹತ್ತಿ ನಿಂತ. ಮೈಭಾರಕ್ಕೆ ನಟ್ಟು ಕಿರ್ರೆಂದು ಸಡಿಲಾಯಿತು. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟಾಯಿತು. ಆಗ ಹಲಗೆ ಹೊರಗೆ ಬಂತು. ಎಕ್ಸೆಲ್ ಕೆಳಗೆ ಹಲಗೆ, ಅದರ ಮೇಲೆ ಜಾಕ್.

“ಈ ಎರಿ ನೆಲದಾಗ ಜಾಕ್ ನಿಲ್ಲೂದಿಲ್ರಿ,” ಎಂದರು ಚಾಲಕರು. “ಹಲಗಿ ಇಲ್ಲಂದ್ರ ಗಾಡಿ ಮ್ಯಾಲ ಏಳೂದಿಲ್ಲ, ಜಾಕ್ ಕೆಳಗ ಇಳೀತೈತಿ.”

ಈ ಸೀಮೆಯ ಲಾರಿ ರಿಪೇರಿಯ ಕಷ್ಟವೆಲ್ಲ ಈ ಮಾತಿನಲ್ಲಿದೆ. ಶಿರಹಟ್ಟಿ ಕಡೆ, ಕಪ್ಪತಗುಡ್ಡದ ಸೆರಗಿನ ಕೆಂಪು ಮಸಾರಿ ನೆಲದಲ್ಲಿ ಮಳೆಗಾಲದಲ್ಲೂ ಗಾಡಿಯನ್ನು ಧೈರ್ಯವಾಗಿ ರಸ್ತೆಯಿಂದ ಕೆಳಗಿಳಿಸಬಹುದು. ಗದಗ, ಮುಳಗುಂದ, ಲಕ್ಷ್ಮೇಶ್ವರದ ಸುತ್ತಿನ ಎರೆ ನೆಲ ಹಾಗಲ್ಲ. ಹತ್ತಿ, ಕಡಲೆ, ಮೆಣಸಿನಕಾಯಿ ಬೆಳೆಯಲು ನೆರವಾಗುವ, ನೀರು ಹಿಡಿದಿಟ್ಟುಕೊಳ್ಳುವ ಗುಣವೇ ಅದನ್ನು ಗಾಲಿಗೆ ಕೆಸರಾಗಿಸುತ್ತದೆ. ಹೇರು ತುಂಬಿದ ಲಾರಿ ಒಮ್ಮೆ ಡಾಂಬರು ಬಿಟ್ಟು ಇಳಿದರೆ ಎಕ್ಸೆಲ್‌ವರೆಗೆ ಹುಗಿಯುತ್ತದೆ. ಮೇಲೆತ್ತಲು ಕ್ರೇನೇ ಬರಬೇಕು. ಅದಕ್ಕೇ ಗಾಡಿ ಕೆಟ್ಟಾಗ ಅರ್ಧ ಡಾಂಬರಿನ ಮೇಲೆಯೇ ನಿಲ್ಲಿಸುತ್ತಾರೆ. ಹಿಂದಿನಿಂದ ಬರುವವರು “ಬುದ್ಧಿ ಇಲ್ಲೇನು, ಬಾಜೂಕ ಹಚ್ಚಾಕ ಬರೂದಿಲ್ಲೇನು” ಎಂದು ಬೈದು ಹೋಗುತ್ತಾರೆ. ಬಾಜೂಕ ಹಚ್ಚಲು ಗಟ್ಟಿ ನೆಲ ಬೇಕಲ್ಲ!

ಹೊರಗಾಲಿ ಕಳಚಿತು, ಒಳಗಾಲಿಯೂ ಬಂತು. ರಿಮ್ ಸಹಿತ ಹತ್ತಿರ ಹತ್ತಿರ ನೂರು ಕಿಲೋ ತೂಗುವ ಸ್ಟೆಪ್ನಿಯನ್ನು ಹುಡುಗ ನಿಲ್ಲಿಸಿ ಉರುಳಿಸಿ ತಂದ. ಎತ್ತುವ ಗೋಜಿಗೆ ಹೋಗಲಿಲ್ಲ. ಟಾಮಿಯನ್ನು ಟೈರಿನ ಅಡಿಗೆ ಕೊಟ್ಟು ಮೀಟಿ, ಮೊಳಕಾಲಿನಿಂದ ನೂಕಿ, ರಿಮ್ಮಿನ ತೂತುಗಳನ್ನು ಬೋಲ್ಟುಗಳಿಗೆ ಕೂಡಿಸಿದ. ಅದರ ಮೇಲೆ ಹೊರಗಾಲಿಯನ್ನೂ ಕೂರಿಸಿದ. ನಟ್ಟುಗಳನ್ನು ಸುತ್ತು ಹಿಡಿದು ಬಿಗಿಯಲಿಲ್ಲ. ಒಂದನ್ನು ಬಿಗಿದು ಅದರ ಎದುರಿನದು, ಆಮೇಲೆ ಮತ್ತೊಂದು ಜೋಡಿ. ಹಾಗಾದರೆ ಮಾತ್ರ ಗಾಲಿ ಸಮನಾಗಿ ಕೂರುತ್ತದೆ. ಅಷ್ಟರಲ್ಲಿ ಎದುರಿನಿಂದ ಬಂದ ಇನ್ನೊಂದು ಲಾರಿ ನಿಧಾನಿಸಿತು. “ಏನರ ಬೇಕೇನ್ರಿ, ಪಾನಾ ಗೀನಾ?” “ಏನ್ ಬ್ಯಾಡ್ರಿ, ಆತು.” ಗುರುತು ಪರಿಚಯವಿಲ್ಲ. ಆದರೂ ಕೇಳದೆ ಮುಂದೆ ಹೋಗುವ ಪದ್ಧತಿ ಇವರಲ್ಲಿಲ್ಲ.

ಪಂಚರ್ ಸುಲಭದ್ದು. ಹಳೆಯ ಗಾಡಿಗಳಲ್ಲಿ ಡೀಸೆಲ್ ಪೈಪಿನೊಳಗೆ ಗಾಳಿ ಹಿಡಿದರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಆಗ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಆ ಗಳಿಗೆಗೆ ಸ್ಕ್ರೂ ಬಿಗಿದು ಕೀಲಿ ತಿರುವಿದರೆ ಎಂಜಿನ್ ಹಿಡಿಯುತ್ತದೆ. ಸ್ಪ್ರಿಂಗಿನ ಪಾಟಾ ತುಂಡಾದರೆ ಕಟ್ಟಿಗೆ ತುಂಡು ಕೊಟ್ಟು ಸರಪಳಿ ಬಿಗಿದು ನಡಿಗೆಯ ವೇಗದಲ್ಲಿ ಊರು ಸೇರುತ್ತಾರೆ. ಆದರೆ ಬ್ರೇಕು, ಸ್ಟೇರಿಂಗ್ ವಿಷಯಕ್ಕೆ ತಿಳಿದ ಚಾಲಕ ಜುಗಾಡ್ ಮಾಡುವುದಿಲ್ಲ. ಮಿಸ್ತ್ರಿ ಬರುವವರೆಗೆ ಗಾಡಿ ಕದಲಿಸುವುದಿಲ್ಲ. ಯಾವುದಕ್ಕೆ ಕೈ ಹಚ್ಚಬಾರದು ಎಂಬುದೂ ಈ ವಿದ್ಯೆಯ ಭಾಗ.

ಗದಗಕ್ಕೂ ಲಾರಿಗೂ ಹಳೆಯ ನಂಟು. ಮುದ್ರಣದ ಮನೆತನದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಸಾಗಣೆ ಆರಂಭಿಸಿದ್ದು ಇದೇ ಊರಿನಲ್ಲಿ. ಹುಬ್ಬಳ್ಳಿಯಿಂದ ಹೊಸಪೇಟೆ, ಬಳ್ಳಾರಿ ಕಡೆಗೆ ಹೋಗುವ, ಹಿಂದೆ 63 ಎನ್ನುತ್ತಿದ್ದ ಈಗಿನ 67ನೇ ರಾಷ್ಟ್ರೀಯ ಹೆದ್ದಾರಿ ಗದಗದ ಮೇಲೆಯೇ ಹಾದಿದೆ. ಗಾಡಿಗಳು ಈಗ ಬದಲಾಗಿವೆ. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಬಿಎಸ್-6 ಲಾರಿಗಳಲ್ಲಿ ಸೆನ್ಸರ್ ಕೆಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಕೆಲವೊಮ್ಮೆ ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ. ಕಾರಣ ತಿಳಿಯಲು ಕಂಪನಿಯವರು ಯಂತ್ರ ಹಿಡಿದು ಬರಬೇಕು. ಗಾಡಿ ಮುಂದೆ ಹೋಗದಿದ್ದರೆ ಅವರು ಬರುವತನಕ ನಿಂತಲ್ಲೇ ನಿಲ್ಲಬೇಕು. ಅಂದರೆ ಡಾಂಬರಿನ ಮೇಲೆ ಕಾಯುವ ಹೊತ್ತು ಇನ್ನೂ ಹೆಚ್ಚಿತು.

ಕತ್ತಲಾಗುವ ಮುನ್ನ ಕೆಲಸ ಮುಗಿಯಿತು. ಹುಡುಗ ಪಾನಾಗಳನ್ನು ಅರಿವೆಯಿಂದ ಒರೆಸಿ ಪೆಟ್ಟಿಗೆಗೆ ಇಟ್ಟ. ಚಾಲಕರು ತಾವೇ ಹಿಂದೆ ನಡೆದು ಹೋಗಿ ಒಂದೊಂದು ಕಲ್ಲನ್ನೂ ರಸ್ತೆಯಿಂದ ಆಚೆ ಎಸೆದು ಬಂದರು. “ಮುಂಡರಗ್ಯಾಗ ಇನ್ನೊಮ್ಮೆ ನಟ್ ಬಿಗಿಬೇಕು, ನೆನಪ ಮಾಡು,” ಎಂದು ಹುಡುಗನಿಗೆ ಹೇಳಿ ಗಾಡಿ ಎತ್ತಿದರು.

ನಮ್ಮ ಬೆಳೆ ಪೇಟೆ ಮುಟ್ಟುವುದು ಇಂಥವರ ಕೈಗುಣದಿಂದ. ಅವರಿಗೆ ನಾವು ಕೊಡಬೇಕಾದದ್ದು ದೊಡ್ಡದೇನಲ್ಲ. ಗದಗ–ಲಕ್ಷ್ಮೇಶ್ವರ, ಗದಗ–ಮುಂಡರಗಿಯಂಥ ಎರೆ ಸೀಮೆಯ ರಸ್ತೆಗಳಲ್ಲಿ ಅಲ್ಲಲ್ಲಿ ಗರಸು ಹಾಕಿ ರೋಲರ್ ಹೊಡೆದು, ಎರಡು ಲಾರಿ ನಿಲ್ಲುವಷ್ಟು ಗಟ್ಟಿ ಜಾಗ ಮಾಡಬೇಕು. ಇದು ಲೋಕೋಪಯೋಗಿ ಇಲಾಖೆಯ ಕೈಯಲ್ಲಿದೆ. ಪ್ರತಿ ಲಾರಿಯಲ್ಲೂ ಬೆಳಕಿಗೆ ಹೊಳೆಯುವ ಎಚ್ಚರಿಕೆಯ ತ್ರಿಕೋನ ಇರಬೇಕು, ಅದನ್ನು ಹಿಂದೆ ಸಾಕಷ್ಟು ದೂರದಲ್ಲಿ ಇಡಬೇಕು. ಇದು ಮಾಲೀಕರ, ಚಾಲಕರ ಹೊಣೆ. ರಸ್ತೆಯಲ್ಲಿ ಬೇವಿನ ಟೊಂಗೆ ಕಂಡಾಗ ವೇಗ ತಗ್ಗಿಸಿ, ದೀಪ ಡಿಮ್ ಮಾಡಿ. ಇಷ್ಟು ನಮ್ಮ ನಿಮ್ಮ ಕೆಲಸ. ಆ ಲಾರಿಯ ಕೆಳಗೆ ಒಬ್ಬ ಮನುಷ್ಯ ಮಲಗಿ ನಟ್ಟು ಬಿಗಿಯುತ್ತಿರಬಹುದು.